ಪಕ್ಕದ ಸೀಟಿನ ಬೆಲ್ಟು

ಕಾರಿನಲ್ಲಿ ಕೂತವರು ಬೆಲ್ಟು ಹಾಕಿಕೊಳ್ಳದಿದ್ದರೆ ನನಗೆ ಮೈ ಉರಿಯುತ್ತದೆ. ಇದನ್ನೊಂದು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ನೆಟ್ಟಗೆ ಕೂತುಕೊಳ್ಳಿ ಎಂದು ವರ್ಷಗಟ್ಟಲೆ ಹೇಳಿ ಹೇಳಿ ಅಂಟಿದ ಚಾಳಿ ಅದು. ಮನೆಯಲ್ಲಿ ಹೇಳಿಸಿಕೊಳ್ಳಲು ಯಾರೂ ಇಲ್ಲ. ಹಾಗಾಗಿ ಎಲ್ಲವೂ ಕಾರಿನ ಪಾಲಾಗುತ್ತದೆ.

ನಾನು ಮದುವೆಯಾಗಲಿಲ್ಲ. ಹೊಸಪೇಟೆಯಲ್ಲಿ ಬಾಡಿಗೆ ಮನೆ, ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಟೀಚರ್ ಕೆಲಸ. ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ, ಐವತ್ತರ ಆಸುಪಾಸಿನಲ್ಲಿ, ಕಾರು ಕಲಿಯಲು ಹೋದೆ. ಕಲಿಸುವಾತ ನನ್ನ ಎತ್ತರ ನೋಡಿ ಮೊದಲ ದಿನ ಕೀಲಿಯನ್ನೇ ಕೊಡಲಿಲ್ಲ. "ಮೊದ್ಲ ಕುಂದ್ರೋದು ಕಲೀರಿ ಮೇಡಂ" ಎಂದ. ಕೂರುವುದನ್ನೂ ಇವನಿಂದ ಕಲಿಯಬೇಕೇ ಎಂದು ಸಿಟ್ಟು ಬಂತು. ಆದರೆ ನಾನು ಕೂತಿದ್ದ ರೀತಿಯಲ್ಲಿ ಕ್ಲಚ್ಚಿಗೆ ಕಾಲು ಚಾಚಿದರೆ ಸೊಂಟ ಜಾರುತ್ತಿತ್ತು, ಗಾಜಿನಾಚೆ ರಸ್ತೆಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ಅವನು ಸೀಟನ್ನು ಮುಂದಕ್ಕೆ ಎಳೆಸಿದ, ಮೇಲಕ್ಕೆ ಎತ್ತಿಸಿದ, ಬೆನ್ನು ಪೂರ್ತಿ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲೆ ಬಂದು ಕೂರಬೇಕು ಎಂದ. ಹಿಂದಿನ ದಿಂಬು ಕುತ್ತಿಗೆಗಲ್ಲ ತಲೆಗೆ ಎಂದು ಅದನ್ನೂ ಸರಿಮಾಡಿಸಿದ. ಬೆಲ್ಟಿನ ಮೇಲಿನ ಪಟ್ಟಿ ಭುಜದ ನಡುವಿಂದ ಇಳಿಯಬೇಕು, ಕೆಳಗಿನದು ಸೊಂಟದ ಎಲುಬಿನ ಮೇಲಿರಬೇಕು. ಅವತ್ತು ನನ್ನದೇ ಅಳತೆಗೆ ಹೊಲಿದ ರವಿಕೆ ತೊಟ್ಟಷ್ಟು ಸಂತೋಷವಾಯಿತು. ಅಲ್ಲಿಯವರೆಗೆ ಯಾರದೋ ಅಳತೆಯ ಕುರ್ಚಿಗಳಲ್ಲೇ ಕೂತು ಬಂದಿದ್ದೆ.

ಕಾರು ಬಂದ ಮೇಲೆ ಜೊತೆಯೂ ಬಂತು. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ದಾರಿಯಲ್ಲೇ, ಕಮಲಾಪುರದಲ್ಲಿ ಇದ್ದಳು. ತವರು ಸಂಡೂರು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಹತ್ತಿಸಿಕೊಂಡು ಹೋಗುವುದು, ಸಂಜೆ ಇಳಿಸಿ ಬರುವುದು. ಹತ್ತಿದ ಕೂಡಲೇ ಸೀಟಿನ ಒರಗನ್ನು ಹಿಂದಕ್ಕೆ ಕೆಡವಿ ಮಂಚ ಮಾಡಿಕೊಳ್ಳುತ್ತಿದ್ದಳು.

"ನೆಟ್ಟಗ ಕುಂದ್ರು. ಹಿಂಗ ಮಲಗಿದ್ರ ಬ್ರೇಕ್ ಹಾಕಿದಾಗ ಬೆಲ್ಟಿನ ಕೆಳಗಿಂದ ಜಾರಿ ಹೋಗ್ತಿ."

"ಮುಂಜಾನಿಂದ ಒಲಿ ಮುಂದ ನಿಂತು ಬಂದೀನ್ರಿ ಅಕ್ಕಾ. ಒಂದ್ ಗಳಿಗಿ ಬಿಡ್ರಿ."

ಬುಕ್ಕಸಾಗರದ ಬಾಳೆತೋಟ ದಾಟುವುದರೊಳಗೆ ನಾನು ಗೆಲ್ಲುತ್ತಿದ್ದೆ. ಸಂಜೆ ಮತ್ತೆ ಮಂಚ, ಮತ್ತೆ ಜಗಳ. ಬೆಲ್ಟಿನಿಂದ ಸೀರೆಯ ಸೆರಗು ಮುದುಡುತ್ತದೆ ಎಂಬುದು ಅವಳ ಇನ್ನೊಂದು ತಕರಾರು. ಪೊಲೀಸರು ಕಂಡಾಗ ಎಳೆದು ಕೈಯಲ್ಲಿ ಹಿಡಿದುಕೊಂಡರೆ ಸಾಕು ಎಂದು ನಮ್ಮ ಕಡೆ ಎಲ್ಲರೂ ತಿಳಿದಂತೆ ಅವಳೂ ತಿಳಿದಿದ್ದಳು. ಕ್ಲಿಕ್ ಎನ್ನುವವರೆಗೆ ನಾನು ಗೇರು ಹಾಕುತ್ತಿರಲಿಲ್ಲ. ಅವಳು ಬೈಯುತ್ತಲೇ ಹಾಕಿಕೊಳ್ಳುತ್ತಿದ್ದಳು. ಆ ಬೈಗುಳವನ್ನು ನಾನು ರಾತ್ರಿಯೆಲ್ಲ ಕಾಯುತ್ತಿದ್ದೆ ಎಂದರೆ ಅವಳು ನಂಬುತ್ತಿರಲಿಲ್ಲ. ಶುಕ್ರವಾರ ಸಂಜೆ ನಾನು ಮಾತಾಡಿದ ಕೊನೆಯವಳು ಅವಳಾಗಿದ್ದರೆ, ಶನಿವಾರ ಬೆಳಿಗ್ಗೆ ಮೊದಲನೆಯವಳೂ ಅವಳೇ ಆಗಿರುತ್ತಿದ್ದಳು.

ಶನಿವಾರ ಅರ್ಧ ದಿನ ಶಾಲೆ. ವಾಪಸು ಬರುವಾಗ ಕೆಲವೊಮ್ಮೆ ಹಂಪಿಗೆ ಕಾರು ತಿರುಗಿಸುತ್ತಿದ್ದೆವು. ಹಂಪಿ ಬಜಾರಿನ ಕಲ್ಲುಮಂಟಪದ ನೆರಳಿನಲ್ಲಿ ಕೂತು ಮಂಡಕ್ಕಿ, ಮಿರ್ಚಿ ತಿನ್ನುವುದು, ಹೆಡ್‌ಮಾಸ್ತರನ್ನು ಆಡಿಕೊಳ್ಳುವುದು. ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಾಗದ ಸಂಕಟವನ್ನು ಅವಳು ಹೇಳಿಕೊಂಡದ್ದೂ ಅಲ್ಲೇ. ನಾನು ಮಿರ್ಚಿಯ ಪೊಟ್ಟಣವನ್ನು ಅವಳ ಕಡೆ ಸರಿಸಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಕಾರು ಹತ್ತಿದವಳು ಸೀಟನ್ನು ಹಿಂದಕ್ಕೆ ಕೆಡವಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. "ಅಕ್ಕಾ, ಬಸಿರು ನಿಂತೈತ್ರಿ" ಎಂದಳು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ. ಅವಳೇ ಕರವಸ್ತ್ರ ಕೊಟ್ಟಳು.

ಹೊಟ್ಟೆ ಕಾಣತೊಡಗಿದಾಗ ತೊಂದರೆ ಶುರುವಾಯಿತು. ಬಸುರಿಯ ಹೊಟ್ಟೆಯ ಮೇಲೆ ಏನನ್ನೂ ಬಿಗಿಯಬಾರದು ಎಂದು ಅವಳ ಅತ್ತೆ ಹೇಳಿದ್ದರು. ಹಗ್ಗ ದಾಟಬಾರದು, ಪಟ್ಟಿ ಬಿಗಿಯಬಾರದು, ಸೀರೆಯ ಗಂಟೂ ಸಡಿಲ. ಅವಳ ಗಂಡನಿಗೆ ವಡ್ಡು ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅಲ್ಲಿ ಗೇಟಿನೊಳಗೆ ಹೆಲ್ಮೆಟ್ಟು, ಬೆಲ್ಟು, ಬೂಟು ಇಲ್ಲದೆ ಒಂದು ಹೆಜ್ಜೆ ಇಡುವಂತಿಲ್ಲ. ಗೇಟು ದಾಟಿದ ಮರುಗಳಿಗೆ ಆತನ ಹೆಲ್ಮೆಟ್ಟು ಬೈಕಿನ ಕನ್ನಡಿಗೆ ನೇತಾಡುತ್ತಿತ್ತು. ಆ ಪುಣ್ಯಾತ್ಮ ಹೆಂಡತಿಗೆ ಒಂದು ಸಣ್ಣ ಸಾಮಾನು ತಂದುಕೊಟ್ಟ. ಬೆಲ್ಟಿನ ತುದಿಯಲ್ಲಿರುವ ಕಬ್ಬಿಣದ ನಾಲಿಗೆ ಇರುತ್ತದಲ್ಲ, ಅಷ್ಟೇ, ಪಟ್ಟಿ ಇಲ್ಲದೆ. ಅದನ್ನು ಸಿಕ್ಕಿಸಿದರೆ ಕಾರು ಟಿಂಗ್ ಟಿಂಗ್ ಎನ್ನುವುದನ್ನು ನಿಲ್ಲಿಸುತ್ತದೆ.

ಅವಳು ಅದನ್ನು ಬ್ಯಾಗಿನಿಂದ ತೆಗೆದು ಸಿಕ್ಕಿಸಿದಳು. ಕಾರು ಬಾಯಿ ಮುಚ್ಚಿತು. ನಾನು ಅದನ್ನು ಕಿತ್ತು ಡ್ಯಾಶ್‌ಬೋರ್ಡಿನ ಮೇಲಿಟ್ಟೆ.

"ಬ್ಯಾಡ್ರಿ ಅಕ್ಕಾ. ಹೊಟ್ಟಿ ಮ್ಯಾಲ ಕಟ್ಟಬಾರದಂತ."

"ಹೊಟ್ಟಿ ಮ್ಯಾಲ ಯಾರು ಕಟ್ಟಂದ್ರು? ಹೊಟ್ಟಿ ಕೆಳಗ, ತೊಡಿ ಸಂದಿಗೆ ಹತ್ತಿ ಬರಬೇಕು. ಮ್ಯಾಲಿನ ಪಟ್ಟಿ ಹೊಟ್ಟಿ ಬಾಜೂಕ ಹೋಗ್ತೈತಿ. ಬ್ರೇಕ್ ಬಿದ್ರ ನಿನ್ನ ಹೊಟ್ಟಿ ಹೋಗಿ ಎದುರಿಗೆ ಬಡೀತೈತಿ, ತಿಳೀತಾ?"

"ಕೆಟ್ಟದ್ದು ಆಡಬ್ಯಾಡ್ರಿ."

"ಆಡ್ತೀನಿ. ಹಾಕ್ಕೋ, ಇಲ್ಲಾಂದ್ರ ಗಾಡಿ ತೆಗಿಯಂಗಿಲ್ಲ."

ಅವಳು ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನಿಮಗ ಹೆಂಗ ಗೊತ್ತಾಗಬೇಕ್ರಿ ಅಕ್ಕಾ? ನೀವೇನ್ ಹೊತ್ತೀರೋ, ಹೆತ್ತೀರೋ?"

ಬಾಗಿಲು ತೆಗೆದು ಇಳಿದಳು. ನಾನು ಗಾಡಿ ತೆಗೆದೆ. ಮೆಟ್ರಿಯವರೆಗೆ ಕಣ್ಣು ಮಂಜಾಗಿಯೇ ಇತ್ತು. ಹೆರದವಳಿಗೆ ಸೊಂಟದ ಎಲುಬು ಎಲ್ಲಿದೆ ಎಂದು ಗೊತ್ತಿರಬಾರದೇ? ಈಗಲೂ ನಾನು ಹೇಳಿದ್ದು ಸರಿ ಎಂದೇ ಹೇಳುತ್ತೇನೆ. ಸರಿಯಾಗಿದ್ದರಿಂದ ನನಗೇನೂ ಸಮಾಧಾನ ಸಿಗಲಿಲ್ಲ, ಅದು ಬೇರೆ ಮಾತು.

ಮರುದಿನದಿಂದ ಅವಳು ನನಗಾಗಿ ಕಾಯಲಿಲ್ಲ. ಶಾಲೆಯಲ್ಲಿ ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ಪಕ್ಕದ ಸೀಟಿನ ಮೇಲೆ ನನ್ನ ಬುತ್ತಿಯ ಚೀಲ, ಪರೀಕ್ಷೆಯ ಪೇಪರುಗಳ ಕಟ್ಟು ಕೂತವು. ಭಾರ ಹೆಚ್ಚಾದ ದಿನ ಕಾರು ಅಲ್ಲಿ ಯಾರೋ ಕೂತಿದ್ದಾರೆಂದು ತಿಳಿದು ಟಿಂಗ್ ಟಿಂಗ್ ಎಂದು ಗೋಳಾಡುತ್ತಿತ್ತು. ಪೇಪರುಗಳಿಗೆ ಬೆಲ್ಟು ಹಾಕಿ ಓಡಿಸಿದ್ದೇನೆ. ನೋಡಿದವರು ನಕ್ಕಿರಬೇಕು. ನನಗೂ ನಗು ಬಂತು, ಆದರೆ ಕಾರಿನಲ್ಲಿ ಒಬ್ಬಳೇ ನಕ್ಕರೆ ಆ ಸದ್ದು ಕೇಳಲಾಗುವುದಿಲ್ಲ.

ಅವಳು ಬರುತ್ತಿದ್ದದ್ದು ಬಸ್ಸಿನಲ್ಲಿ ಎಂದುಕೊಂಡಿದ್ದೆ. ಗಂಡನ ಪಾಳಿ ಬದಲಾದ ವಾರದಲ್ಲಿ ಕಮಲಾಪುರ ದಾಟಿದ ಮೇಲೆ ಮುಂದೆ ಒಂದು ಬೈಕು ಕಂಡಿತು. ಹಿಂದೆ ಅವಳು, ಒಂದೇ ಕಡೆ ಕಾಲು ಇಳಿಬಿಟ್ಟು, ಒಂದು ಕೈ ಗಂಡನ ಹೆಗಲ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಹೆಲ್ಮೆಟ್ಟು ಬೈಕಿನ ಕನ್ನಡಿಗೆ ನೇತಾಡುತ್ತಿತ್ತು. ಅವಳ ಸೆರಗು ಗಾಳಿಗೆ ಹಾರಿ ಚಕ್ರದ ಹತ್ತಿರ ಹೋಗಿ ಬರುತ್ತಿತ್ತು. ನನ್ನ ಕೈ ಹಾರ್ನಿನ ಮೇಲೆ ಹೋಯಿತು. ಒತ್ತಿದರೆ ಬೆಚ್ಚಿ ಬಿದ್ದಾಳು ಎಂದು ಒತ್ತಲಿಲ್ಲ. ದಾಟಿ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರುಗಳು, ಲಾರಿಗಳು ಬರುತ್ತಿದ್ದವು. ಅವುಗಳಿಗೂ ಅವಳಿಗೂ ನಡುವೆ ನನ್ನ ಕಾರನ್ನು ಇಟ್ಟುಕೊಂಡು ನಿಧಾನಕ್ಕೆ ಹೋದೆ. ಹಿಂದಿನವರು ಹಾರ್ನು ಹೊಡೆದು, ಪಕ್ಕಕ್ಕೆ ಬಂದು, ಹೆಂಗಸರಿಗೆ ಗಾಡಿ ಯಾಕೆ ಬೇಕು ಎಂಬಂತೆ ನೋಡಿ ಹೋದರು. ಹೋಗಲಿ.

ಆ ಪಾಳಿ ಇದ್ದಷ್ಟು ದಿನವೂ ಹಾಗೆಯೇ ಹೋದೆ. ಮನೆಯಿಂದ ಬೇಗ ಹೊರಟು ಕಮಲಾಪುರದ ಹೊರಗೆ ಬೇವಿನ ಮರದಡಿ ಕಾದು ನಿಲ್ಲುತ್ತಿದ್ದೆ. ಬೈಕು ಹೋದ ಮೇಲೆ ಹಿಂದೆ ಬೀಳುತ್ತಿದ್ದೆ. ಅವಳಿಗೆ ಗೊತ್ತಿತ್ತು. ಒಂದು ದಿನವೂ ತಿರುಗಿ ನೋಡಲಿಲ್ಲ. ಆದರೆ ಆಮೇಲಾಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರತೊಡಗಿದ್ದಳು. ನನಗೆ ಅಷ್ಟು ಸಾಕಾಗಿತ್ತು. ಸಾಕಾಗಿತ್ತು ಎನ್ನುವುದು ಸುಳ್ಳು, ಬೇರೆ ದಾರಿಯಿರಲಿಲ್ಲ.

ಏಳನೇ ತಿಂಗಳಿಗೆ ಅವಳು ರಜೆ ಹಾಕಿ ಬಾಣಂತನಕ್ಕೆ ಸಂಡೂರಿಗೆ ಹೋದಳು. ಹೆಣ್ಣು ಮಗು ಎಂಬ ಸುದ್ದಿ ನನಗೆ ಸ್ಟಾಫ್ ರೂಮಿನಲ್ಲಿ ಹಂಚಿದ ಪೇಡೆಯಿಂದ ತಿಳಿಯಿತು. ಫೋನು ಮಾಡಲು ಕೈಗೆತ್ತಿಕೊಂಡು ಮಾಡಲಿಲ್ಲ.

ಮಗುವಿಗೆ ಐದನೇ ತಿಂಗಳು ಬಂದಾಗ ಅವಳೇ ಮಾಡಿದಳು. "ಅಕ್ಕಾ, ಕೂಸಿನ್ನ ಕರ್ಕೊಂಡು ಕಮಲಾಪುರಕ್ಕ ಬರಬೇಕ್ರಿ. ನಿಮ್ಮ ಕಾರ್ ತರ್ತೀರೇನು?" ಎಂದಳು, ನಿನ್ನೆಯಷ್ಟೇ ಇಳಿದು ಹೋದವಳ ಹಾಗೆ. ಬಾಡಿಗೆ ಗಾಡಿ ಬೇಕಾದಷ್ಟು ಇವೆ. ಅದನ್ನು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ನಾನು ಕೂಸುಗಳನ್ನು ಮಲಗಿಸಿ ಕಟ್ಟುವ ಸೀಟು ತರಿಸಿದೆ. ಬುಟ್ಟಿಯ ಹಾಗೆ ಆಳವಾಗಿರುತ್ತದೆ. ಅದನ್ನು ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಗಾಡಿಯ ಹಿಂಭಾಗಕ್ಕೆ ಬರುವಂತೆ ಇಟ್ಟು ಬೆಲ್ಟಿನಿಂದ ಬಿಗಿಯಬೇಕು. ಎಳೆಯ ಕುತ್ತಿಗೆ, ಬ್ರೇಕ್ ಬಿದ್ದರೆ ಬೆನ್ನಿನ ಆಸರೆ ಬೇಕು. ಬಿಗಿಯಲು ಹೋದರೆ ಹಿಂದಿನ ಸೀಟಿನಲ್ಲಿ ಬೆಲ್ಟು ಸಿಕ್ಕಿಸುವ ಜಾಗವೇ ಇಲ್ಲ. ಕಾರು ಕೊಂಡ ವಾರವೇ ಎಲ್ಲರ ಹಾಗೆ ನಾನೂ ಸೀಟಿಗೆ ಕವರು ಹೊಲಿಸಿದ್ದೆ. ಹೊಲಿದಾತ ಅವುಗಳನ್ನು ಒಳಗೇ ಹೂತು ಬಿಟ್ಟಿದ್ದ. ಅಂಗಡಿಗೆ ಹೋಗಿ ಕೇಳಿದೆ.

"ಹಿಂದ ಯಾರ್ ಹಾಕ್ಕೊಂತಾರ್ರಿ ಮೇಡಂ?" ಎಂದ.

"ಒಂದ್ ಕೂಸು ಹಾಕ್ಕೊಂತೈತಿ. ತೂತು ಮಾಡು."

ಸಂಡೂರಿನಲ್ಲಿ ಅವಳ ಅಣ್ಣ ತೊಟ್ಟಿಲು, ಪಾತ್ರೆ, ಬುತ್ತಿಯನ್ನೆಲ್ಲ ಇನ್ನೊಂದು ಗಾಡಿಗೆ ಏರಿಸಿದ್ದ. ಅವಳ ಅವ್ವನೂ ಅದರಲ್ಲೇ ಹೋಗುವವರು. ಅವಳು ಮಗುವನ್ನು ಎತ್ತಿಕೊಂಡು ಬಂದು ಮುಂದಿನ ಬಾಗಿಲು ತೆಗೆದಳು. ನನ್ನ ಪಕ್ಕದಲ್ಲಿ ಕೂತಳು. ಮಗುವನ್ನು ಮಡಿಲಿಗೆ ಹಾಕಿಕೊಂಡು, ಇಬ್ಬರನ್ನೂ ಸೇರಿಸಿ ಬೆಲ್ಟು ಎಳೆದು ಕ್ಲಿಕ್ ಎನಿಸಿದಳು. ನನಗಾಗಿಯೇ ಹಾಗೆ ಮಾಡಿದ್ದಳು. "ನೋಡ್ರಿ, ಇಬ್ರೂ ಹಾಕ್ಕೊಂಡೀವಿ" ಎಂದು ನಕ್ಕಳು. ಎಷ್ಟು ತಿಂಗಳ ಮೇಲೆ ಆ ಸೀಟಿನಿಂದ ಆ ನಗು. ಮಗುವಿನ ಕೈ ಗೇರಿನ ಹತ್ತಿರ ಬಂದಿತ್ತು, ನನ್ನ ಬೆರಳಿಗೆ ತಾಗುವಷ್ಟು ಹತ್ತಿರ. ಸುಮ್ಮನಿದ್ದುಬಿಡು ಎಂದಿತು ಮನಸ್ಸು. ಒಂದು ಗಂಟೆಯ ದಾರಿ. ಈ ಹಿಂದೆ ಆಡಿ ಕಳಕೊಂಡದ್ದು ಸಾಲದೇ?

ಆದರೆ ಆ ಬೆಲ್ಟಿನೊಳಗೆ ಮಗು ಅವಳ ಮುಂದೆ ಇತ್ತು. ಬ್ರೇಕ್ ಬಿದ್ದರೆ ಅವಳ ಭಾರವೆಲ್ಲ ಅದರ ಮೇಲೆ.

"ಹಿಂಗ ಬ್ಯಾಡ" ಎಂದೆ. "ಹಿಂದ ಕೂಸಿಗೆ ಜಾಗ ಮಾಡೀನಿ."

ಅವಳು ಹಿಂದಕ್ಕೆ ತಿರುಗಿ ಆ ಸೀಟನ್ನು ನೋಡಿದಳು. ಕಿಟಕಿಯ ಹತ್ತಿರ ನಿಂತಿದ್ದ ಅವಳ ಅವ್ವನೂ ನೋಡಿದರು. "ಕೂಸಿನ್ನ ಯಾರಾರ ಕಟ್ಟಿ ಹಾಕ್ತಾರೇನು, ಅದೂ ಹಿಂದ್ ಮುಂದಾಗಿ?" ಎಂದರು. ನಾನು ಸ್ಟೇರಿಂಗು ಹಿಡಿದು ಕೂತೆ. ಅವಳು ಇಳಿದು ಹೋದರೂ ಗಾಡಿ ತೆಗೆಯುವುದಿಲ್ಲ ಎಂದುಕೊಂಡೆ. ಈ ಸಲ ಎಲ್ಲಿಗೂ ಹೋಗುವುದಿಲ್ಲ.

"ಸುಮ್ಕಿರವ್ವಾ. ಅಕ್ಕಾರಿಗೆ ಗೊತ್ತೈತಿ" ಎಂದು ಅವಳು ಬೆಲ್ಟು ಬಿಚ್ಚಿದಳು.

ಮಗುವನ್ನು ಸೀಟಿನಲ್ಲಿ ಮಲಗಿಸಿದೆವು. ಪಟ್ಟಿಗಳನ್ನು ಅದರ ಪುಟ್ಟ ಹೆಗಲಿಗೆ ಸರಿಯಾಗಿ ಬಿಗಿದೆ, ಒಂದು ಬೆರಳು ಮಾತ್ರ ಹೋಗುವಷ್ಟು. ಕೂಸು ಅಳಲಿಲ್ಲ. ಅವಳು ಅದರ ಪಕ್ಕದಲ್ಲಿ ಕೂತು, ನಾನು ಹೇಳುವ ಮೊದಲೇ, ಬೆನ್ನು ನೆಟ್ಟಗೆ ಮಾಡಿ ತನ್ನ ಬೆಲ್ಟು ಹಾಕಿಕೊಂಡಳು.

ಸಂಡೂರು ಬಿಟ್ಟ ಮೇಲೆ ಹೇಳಿದಳು, ಕಮಲಾಪುರದ ಶಾಲೆಗೇ ವರ್ಗ ಆಗಿದೆಯಂತೆ, ಮಗುವಿಗೆ ಹತ್ತಿರ. "ಇನ್ನ ಮೆಟ್ರಿಗೆ ಬರಂಗಿಲ್ರಿ ಅಕ್ಕಾ."

"ಚಲೋ ಆತು" ಎಂದೆ. ಚಲೋ ಆದದ್ದು ಹೌದು.

ಘಾಟಿಯ ತಿರುವುಗಳಲ್ಲಿ ಅದಿರಿನ ಲಾರಿಗಳು ಎದುರಾದವು. ಕನ್ನಡಿಯಲ್ಲಿ ಅವಳ ಹಣೆ, ಕುಂಕುಮ, ಆ ಸೀಟಿನ ಬೆನ್ನು ಇಷ್ಟೇ ಕಾಣುತ್ತಿತ್ತು. "ಅಕ್ಕಾ, ನಗಾಕತ್ಯಾಳ ನೋಡ್ರಿ" ಎಂದಳು. ಕೂಸಿನ ಮುಖ ಆ ಕಡೆಗಿತ್ತು, ನನಗೆ ರಸ್ತೆ ಬಿಟ್ಟು ನೋಡುವಂತಿರಲಿಲ್ಲ. ನಗಲಿ ಎಂದೆ. ಆಮೇಲೆ ತಾಯಿ ಮಗಳಿಗೆ ಮೆಲ್ಲಗೆ ಏನೋ ಹೇಳತೊಡಗಿದಳು. ಅವರ ಮಾತು ಅವರಿಗೆ. ನಾನು ಹೇಳಿದ್ದನ್ನೆಲ್ಲ ಅವಳು ಕೇಳಿದ್ದಳು. ಅದಕ್ಕೇ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.