ಮೂವತ್ತೇಳೂವರೆ ಚಮಚ ಇಂಗು

ಮೊನ್ನೆ ಹೊಸ ಇಂಗಿನ ಡಬ್ಬಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಕಾಕಾ ನೆನಪಾದರು.

ನಾನಾಗ ಉಡುಪಿಯಿಂದ ಸೊಸೆಯಾಗಿ ವಡಾಲದ ಬಿಲ್ಡಿಂಗಿಗೆ ಬಂದ ಹೊಸತು. ಕಾಕಾ ಧಾರವಾಡದ ಕಡೆಯವರು. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಲೆಕ್ಕದ ಚಕ್ರ. ಒಂದರ ಮೇಲೊಂದು ಕೂತ ಎರಡು ಬಿಲ್ಲೆ, ಎರಡರ ಅಂಚಿಗೂ ಹತ್ತರಿಂದ ತೊಂಬತ್ತೊಂಬತ್ತರ ತನಕ ಅಂಕಿ. ಮನೆಮನೆಗೆ ಕ್ಯಾಲ್ಕುಲೇಟರ್ ಬಂದು ಎಷ್ಟೋ ಕಾಲವಾಗಿತ್ತು. ಅವರು ಮಾತ್ರ ಇದನ್ನು ಬಿಟ್ಟಿರಲಿಲ್ಲ.

ಆ ವರ್ಷ ಸತ್ಯನಾರಾಯಣ ಪೂಜೆಯ ಹಿಂದಿನ ದಿನ ಅತ್ತೆಯ ಕೈ ಉಳುಕಿತು. ಅರವತ್ತು ಜನರ ಊಟ. ಅದುವರೆಗೆ ನನಗೆ ತರಕಾರಿ ಹೆಚ್ಚುವ ಕೆಲಸ ಮಾತ್ರ ಕೊಟ್ಟಿದ್ದ ಅತ್ತೆ, "ನಾಳೆ ಸಾರು ನೀನೇ ಮಾಡು. ಹಾಳು ಮಾಡಿದ್ರೆ ಮತ್ತೆ ಒಲೆ ಹತ್ರ ಬರ್ಬೇಡ ಮಾರಾಯ್ತಿ" ಎಂದರು. ನಕ್ಕೇ ಹೇಳಿದ್ದು, ಆದರೆ ತಮಾಷೆಯಲ್ಲ. ನನಗೋ ಎಂಟು ಜನರ ಅಳತೆ ಬಿಟ್ಟು ಬೇರೆ ಗೊತ್ತಿಲ್ಲ...

ಎದುರುಮನೆಗೆ ಹೋಗಿ ಹೇಳಿಕೊಂಡೆ. ಕಾಕಾ ಚಕ್ರ ತೆಗೆದರು. ಒಳಬಿಲ್ಲೆಯ ಎಂಬತ್ತನ್ನೇ ಎಂಟೆಂದುಕೊಂಡು ಹೊರಗಿನ ಅರವತ್ತಕ್ಕೆ ಹೊಂದಿಸಿ, "ಇನ್ನ ತಿರುಗಿಸಬ್ಯಾಡವಾ. ಒಳಗಿಂದು ನಿನ್ನ ಅಳತಿ, ಹೊರಗಿಂದು ಅರವತ್ತು ಮಂದೀದು. ಎದುರಾಬದುರು ನೋಡ್ಕೋತ ಹೋಗು" ಎಂದು ಕೈಗಿಟ್ಟರು.

ಬೆಳಿಗ್ಗೆ ಎಲ್ಲ ಅಳೆಯಲು ಕೂತೆ. ನಾಲ್ಕು ಚಮಚ ಕೊತ್ತಂಬರಿಗೆ, ನಲವತ್ತರ ಎದುರು ಮೂವತ್ತು. ಸರಿ. ಅರ್ಧ ಚಮಚ ಇಂಗಿಗೆ, ಐವತ್ತರ ಎದುರು ಮೂವತ್ತೇಳೂವರೆ. ಚಕ್ರವೇ ಹೇಳಿದ ಮೇಲೆ ಇನ್ನೇನು! ಹತ್ತೊಂಬತ್ತನೆಯ ಚಮಚಕ್ಕೆ ಡಬ್ಬಿ ಖಾಲಿ. ಅಳೆದ ಇಂಗಿನ ಬಟ್ಟಲು ಹಿಡಿದುಕೊಂಡೇ ಹೋಗಿ, ಇನ್ನೂ ಸ್ವಲ್ಪ ಇಂಗು ಕೊಡಿ ಎಂದು ಕಾಕಾರ ಬಾಗಿಲು ತಟ್ಟಿದೆ.

"ಮಂದೀನ್ನ ಊಟಕ್ಕ ಕರದೀಯೋ, ಓಡಸ್ಲಿಕ್ಕೆ ಹೊಂಟೀಯೋ? ವಡಾಲ ಸ್ಟೇಷನ್ನೇ ಖಾಲಿ ಆಗತದಲ್ಲವಾ!" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೆತ್ತಗೆ, "ಚಕ್ರ ಬರೇ ಅಂಕಿ ಹೇಳತದ. ದಶಾಂಶದ ಚುಕ್ಕಿ ಎಲ್ಲಿ ಅನ್ನೂದು ನಾವ ನೋಡ್ಕೋಬೇಕು. ಮೂರೂಮುಕ್ಕಾಲು ಚಮಚ ಹಾಕು."

"ಮತ್ತೆ ಉಪ್ಪು?"

"ಅದನ್ನ ಚಕ್ರಕ್ಕ ಕೇಳಬ್ಯಾಡ, ನಾಲಿಗಿಗೆ ಕೇಳು."

ಮಧ್ಯಾಹ್ನದ ಪಂಕ್ತಿಯಲ್ಲಿ ಅತ್ತೆ ಎರಡನೇ ಸಲ ಸಾರು ಬಡಿಸಿಕೊಂಡರು. ಪಕ್ಕದಲ್ಲಿದ್ದ ಕಾಕಾರಿಗೆ, "ನೋಡಿ, ಯಾರತ್ರ ಕೇಳ್ಲೂ ಇಲ್ಲ, ಅಂದಾಜಲ್ಲೇ ಮಾಡಿದ್ದು ನನ್ನ ಸೊಸೆ" ಎಂದರು. ನನ್ನ ಕೈಯ ಸೌಟು ನಿಂತೇ ಹೋಯಿತು.

"ಖರೇ ಅದ್ರಿ ವೈನಿ" ಎಂದ ಕಾಕಾ ನನ್ನ ಕಡೆ ನೋಡಲೂ ಇಲ್ಲ.

ಅಂದಿನಿಂದ ಒಲೆ ನನ್ನದಾಯಿತು. ನಿಜ ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತಲೇ ವರ್ಷಗಳು ಕಳೆದವು... ಕಾಕಾ ಮಗಳ ಜೊತೆ ಇರಲು ದಹಿಸರಿಗೆ ಹೋದರು, ಅಲ್ಲಿಯೇ ತೀರಿಕೊಂಡರು. ಅತ್ತೆ ಮಾತ್ರ ಕೊನೆಯ ತನಕ ಮನೆಗೆ ಬಂದವರಿಗೆಲ್ಲ ಆ ಸಾರಿನ ಕತೆ ಹೇಳಿದರು. ನಾನು ಪ್ರತಿ ಸಲವೂ ನಕ್ಕು ಸುಮ್ಮನಾದೆ. ಈಗ ಹೇಳೋಣವೆಂದರೆ ಕೇಳಿ ಬಯ್ಯಲು ಅತ್ತೆಯಿಲ್ಲ, ನನ್ನ ಪರವಾಗಿ ಮತ್ತೊಂದು ಸುಳ್ಳು ಹೇಳಲು ಕಾಕಾ ಇಲ್ಲ.