ಯಾವ ಪರದಿನೂ ಪಸಂದ ಬರಲಿಲ್ಲ

ನಮ್ಮ ಮನಿಯವರಿಗೆ ಒಂದು ಕಂಪ್ಯೂಟರ್ ಆರಿಸಲಿಕ್ಕೆ ಒಂದೂವರೆ ವರ್ಷ ಹಿಡೀತು. ಆ ಒಂದೂವರೆ ವರ್ಷದಾಗ ಅವರ ಕಣ್ಣು ಹೋಗ್ಲಿಕತ್ತಿದ್ವು, ನಮ್ಮಿಬ್ಬರಿಗೂ ತಿಳೀಲಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ. ಮುಚ್ಚಿಟ್ಟು ಕಡೀಗೆ ಹೇಳಿ ಮಂದೀನ ಅಳಸೋದು ನನಗ ಬರಂಗಿಲ್ಲ.

ಅವರು ವಾಡಿಯೊಳಗ ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನ್ಯಾಗ ಇದ್ದವರು. ಮಾಲು ನೋಡೋದು, ಬೆರಳಾಗ ತಿಕ್ಕಿ ನೋಡೋದು, ಬರೋಬ್ಬರಿ ಇಲ್ಲಂದ್ರ ವಾಪಸ್ ಕಳಸೋದು, ಇದ ಅವರ ನೌಕರಿ. ಮನ್ಯಾಗೂ ಅದ ನೌಕರಿ ನಡೀತಿತ್ತು. ತೊಗರಿ ಬ್ಯಾಳಿ ತಂದ್ರ ಅಂಗೈಯಾಗ ಹಾಕ್ಕೊಂಡು ಬಾಗಲ ಬೆಳಕಿಗೆ ಹಿಡಿಯೋರು. ನನ್ನ ನೋಡ್ಲಿಕ್ಕೆ ಐನಾಪುರಕ್ಕ ಬಂದಾಗ ಮಾತ್ರ ಒಂದ ಸಲಕ್ಕ ಹೂಂ ಅಂದಿದ್ರು. ಅದಕ್ಕ ನಮ್ಮವ್ವ ಸಾಯೋತನಕ, ಅಳಿಯಾ ಭಾಳ ಸೀದಾ ಮನಶ್ಯಾ ಅಂತ ನಂಬಿದ್ಲು. ಹುಟ್ಟು ಗುಣ ಸುಟ್ಟರೂ ಹೋಗಂಗಿಲ್ಲ ಅಂತ ನಾ ಸುಮ್ನಾಗಿದ್ದೆ.

ಇನ್ನೊಂದು ಹುಚ್ಚು ಫೋಟೋದ್ದು. ಸೂಟಿ ಇದ್ದ ದಿನ ಕ್ಯಾಮೆರಾ ಕೊಳ್ಳಾಗ ಹಾಕ್ಕೊಂಡು ಹೊಂಟ್ರಂದ್ರ ಶಹಾಬಾದದ ಕಲ್ಲಿನ ಖಣಿ, ಕಾಗಿಣಾ ಹೊಳಿ, ಚಿಂಚೋಳಿ ಗುಡ್ಡ, ಊಟದ ಖಬರ್ ಇರ್ತಿರಲಿಲ್ಲ. ಮದಿವಿ, ತೊಟ್ಟಲಾ ಅಂತ ಎಲ್ಲಿಗೆ ಕರದ್ರೂ ಮಂದಿ ಫೋಟೋ ತಗದು ತರೋರು, ಕೊಡ್ತಿರಲಿಲ್ಲ. ಕೇಳಿದ್ರ, ಇನ್ನಾ ತಿದ್ದೋದದ ಅನ್ನೋರು. ಯಾರದೋ ಮುಖದ ಮ್ಯಾಲ ನೆರಳು ಬಿದ್ದದ, ಯಾರದೋ ಸೀರಿ ಬಣ್ಣ ಕೆಟ್ಟದ, ಹಂಗ ಕೊಟ್ರ ಚಂದ ಅಲ್ಲ. ರಿಟೈರ್ ಆದ ಮ್ಯಾಲ ಚಲೋದೊಂದು ಕಂಪ್ಯೂಟರ್ ತಗೊಂಡು, ಅಷ್ಟೂ ಫೋಟೋ ತಮ್ಮ ಕೈಲೆ ತಿದ್ದಿ, ಅವರವರ ಮನಿಗೆ ಮುಟ್ಟಸಬೇಕು. ಇಡೀ ಆಯುಷ್ಯದಾಗ ಆ ಮನಶ್ಯಾ ತನಗಂತ ಬೇಡಿದ್ದು ಇದೊಂದ.

ಮನ್ಯಾಗ ಹಳೇದೊಂದು ಕಂಪ್ಯೂಟರ್ ಇತ್ತು. ಅದು ಒಂದು ಫೋಟೋ ತೆರಿಯೋದ್ರಾಗ ನನ್ನ ರೊಟ್ಟಿ ಬುಟ್ಟಿ ತುಂಬತಿತ್ತು. ರಿಟೈರ್ ಆದ ತಿಂಗಳ ಹೊಸಾದು ಹುಡುಕಲಿಕ್ಕೆ ಹೊಂಟ್ವಿ. ಮೊದಲ ಚಿತ್ತಾಪುರ. ಅಲ್ಲಿಯವ ಕೆಂಪು, ಹಳದಿ ದೀಪ ಕುಣಿಯೋ ಡಬ್ಬಿ ತಂದಿಟ್ಟ. ಇದು ಹುಡುಗ್ರು ಆಟ ಆಡೋದು, ನಮಗಲ್ಲ ಅಂತ ಇವರು ಮುಖ ತಿರುವಿದ್ರು. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಫೋಟೋ ಕೆಲಸಕ್ಕ ಗ್ರಾಫಿಕ್ಸ್ ಕಾರ್ಡ್ ಬೇಕೋ ಬ್ಯಾಡೋ, ಬಿಡಿ ಸಾಮಾನು ತಂದು ಜೋಡಸೋದು ಚಲೋನೋ ಕಂಪನಿ ಸೆಟ್ ಚಲೋನೋ, ಇದೆಲ್ಲಾ ಅಳದೂ ಸುರದೂ ಒಂದು ದಾರಿಗೆ ಬಂತು. ಗಂಟು ಬಿದ್ದದ್ದು ಮಾನಿಟರಿಗೆ. ಪರದಿ ಬಣ್ಣ ಖರೇ ಹೇಳಬೇಕು ಅಂತ ಅವರ ಹಟ. ಸುಳ್ಳು ಹೇಳೋ ಪರದಿ ಮುಂದ ಕುಂತು ಫೋಟೋ ತಿದ್ದೋದು ಕಳ್ಳ ತಕ್ಕಡ್ಯಾಗ ಬಂಗಾರ ತೂಗಿದಂಗ, ಅಂತಿದ್ರು. ಮಾತು ಖರೇನ ಇತ್ತು.

ಪರೀಕ್ಷಾಕ್ಕಂತ ಒಂದು ಪೆನ್‌ಡ್ರೈವ್ ಮಾಡಿಕೊಂಡಿದ್ರು. ಅದರಾಗ ಒಂದ ಫೋಟೋ: ದಂಡೋತಿ ಹತ್ರ ಹೊಳಿ ದಂಡಿಗೆ ನಾ ನಿಂತೀನಿ, ಮೈಮ್ಯಾಲ ನೀಲಿ ರೇಶ್ಮಿ ಸೀರಿ. ಅಂಗಡಿಗೆ ಹೋದಕೂಡ್ಲೆ ಅದನ್ನ ತೆರೀರಿ ಅನ್ನೋರು. ಜರಾ ಹಿಂದ ಸರದು, ಕುತಗಿ ವಾರಿ ಮಾಡಿ ನೋಡೋರು. ಆಮ್ಯಾಲ ತೀರ್ಪು. ಇದು ನೀಲಿ ಅಲ್ಲ, ಹಸರಿಗೆ ಹೊಂಟದ. ಅಂಗಡಿಯವರು ಸೆಟ್ಟಿಂಗ್ ತಿರುವತಿದ್ರು, ವಾಯರ್ ಬದ್ಲಿ ಮಾಡ್ತಿದ್ರು, ಒಳಗಿಂದ ಇನ್ನೊಂದು ಮಾನಿಟರ್ ಹೊತ್ಕೊಂಡು ಬರ್ತಿದ್ರು. ಅದೂ ಹಸರು. ಶಹಾಬಾದದಾಗೂ ಹಸರು, ಕಲಬುರ್ಗಿಯೊಳಗೂ ಹಸರು.

ನನಗ ಎಲ್ಲಾ ಕಡೆ ನೀಲಿನ ಕಾಣ್ತಿತ್ತು. ಹಂಗಂದ್ರ, ನಿನಗ ಬಣ್ಣದ ಗುರ್ತು ಎಲ್ಲದ ಅಂತ ನಗೋರು. ಅವರು ಲ್ಯಾಬಿನವರು, ನಾ ಸಾಲ್ಯಾಗ ಕರೇ ಹಲಗಿ ಮ್ಯಾಲ ಬಿಳಿ ಖಡುಲೆ ಬರಕೋತ ಮುದುಕಿ ಆದಾಕಿ. ಸೋತು ಸುಮ್ನಾಗತಿದ್ದೆ. ಒಮ್ಮೆ ರೈಲಿನ್ಯಾಗ ಸಿಟ್ಟು ನೆತ್ತಿಗೇರಿ, ನಿಮಗ ಕಂಪ್ಯೂಟರ್ ಬ್ಯಾಡಾಗ್ಯದ, ತಪ್ಪು ಹುಡುಕೋ ಚಟ ತೀರಿಸ್ಕೊಳ್ಳಲಿಕತ್ತೀರಿ ಅಂತ ಅಂದಿದ್ದೆ. ಎದುರಿಗೆ ಕುಂತವರು ನಕ್ರು, ಇವರೂ ನಕ್ರು.

ಅವರ ಗುಣಾನ ರೋಗಕ್ಕ ಮುಸುಕು ಹಾಕಿಬಿಟ್ಟಿತ್ತು. ಬ್ಯಾರೆ ಯಾರರೆ ಹಿಂಗ ಅಂದಿದ್ರ ನಾ ಅನುಮಾನ ಪಡ್ತಿದ್ದೆ. ಹುಟ್ಟಿದಾಗಿಂದ ಕೊಂಕು ತಗಿಯೋ ಮನಶ್ಯಾ ಕೊಂಕು ತಗದ್ರ ಏನಂತ ತಿಳಕೋಬೇಕು? ಶುಗರ್ ಇತ್ತು, ಗುಳಗಿ ನಡದಿದ್ವು. ಸಂಜೀ ಮುಂದ ಹೊಸ್ತಿಲಾ ಎಡವತಿದ್ರು, ಚಷ್ಮಾ ನಂಬರ್ ಬದ್ಲಿ ಆಗಿರಬೇಕು ಅಂದ್ವಿ, ಬದ್ಲಿ ಮಾಡಿಸಿದ್ವಿ. ಕಲಬುರ್ಗಿಯೊಳಗ ನಾವು ತಿರಗ್ಯಾಡಿದ ಕಂಪ್ಯೂಟರ್ ಅಂಗಡಿ ಸಾಲಿನ್ಯಾಗ ಒಂದು ಕಣ್ಣಿನ ದವಾಖಾನಿ ಇತ್ತು. ಅದರ ನೆರಳಿಗೆ ನಿಂತು ನಾ ಕಬ್ಬಿನ ಹಾಲು ಕುಡದೀನಿ. ಅವರು ಶುಗರ್ ಅಂತ ಬಿಟ್ರು. ಆ ಕಟ್ಟಿ ಏರಿ ಒಳಗ ಹೋಗ್ಲಿಕ್ಕೆ ಅವತ್ತು ಯಾವ ದೇವರೂ ನಮ್ಮನ್ನ ನೂಕಲಿಲ್ಲ.

ಕಡೀಗೆ ಸೇಡಂ. ಅಲ್ಲಿ ಅಂಗಡಿಯವ ಭಾಳ ತಾಳ್ಮಿ ಮನಶ್ಯಾ, ಮೂರು ಸಲ ಹೋಗಿ ಬಂದ್ರೂ ಕುಂದ್ರಿ, ಚಾ ತಗೋರಿ ಅನ್ನಾಂವ. ನಾಕನೇ ಸಲ ಹೋಗೋವಾಗ ಇವರು ಹೊಸ ಹುಕಿ ತಗದ್ರು. ನೀ ಆ ನೀಲಿ ಸೀರೀನ ಉಟ್ಕೊಂಡು ಬಾ, ಸೆರಗ ಪರದಿ ಬಾಜೂಕ ಹಿಡದು ನೋಡೋಣು, ತಕರಾರ ಮುಗೀತದ ಅಂದ್ರು. ಬಿಸಲಾಗ ರೇಶ್ಮಿ ಉಟ್ಟು, ರೈಲಿನ್ಯಾಗ ಬೆವರು ಒರಸಿಕೋತ, ಬೈಕೋತ ಹೋದೆ. ಒಳಗ ಮಾತ್ರ ಒಂದು ಸಮಾಧಾನ, ಇವತ್ತರೆ ತಪ್ಪು ಪರದಿದಲ್ಲ ಅಂತ ಒಪ್ಪತಾರ.

ಅಂಗಡಿಯವ ಫೋಟೋ ತೆರದ. ನಾ ಬಾಜೂಕ ಹೋಗಿ ನಿಂತೆ. ಇವರು ಸೆರಗ ಕೈಯಾಗ ತಗೊಂಡ್ರು, ಪರದಿಗೆ ಹಿಡದ್ರು, ನೋಡಿದ್ರು. ಮತ್ತ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, ಸಿಟ್ಟಿಲೆ ಅಲ್ಲ, ಬ್ಯಾಸರಕಿಲೆ ಅಂದ್ರು:

"ನಾ ನೀಲಿ ಉಟ್ಕೊಂಡು ಬಾ ಅಂದಿದ್ದೆ. ಈ ಹಸರು ಯಾಕ ಉಟ್ಟಿ?"

ಚಾಷ್ಟಿ ಮಾಡ್ಲಿಕತ್ತಾರ ಅನಕೊಂಡೆ. ಮುಖ ನೋಡಿದ್ರ ನಗು ಇಲ್ಲ. ಅಂಗಡಿಯವ ಒಮ್ಮೆ ಸೀರಿ ನೋಡಿದ, ಒಮ್ಮೆ ನನ್ನ ನೋಡಿದ, ತಲಿ ತಗ್ಗಿಸಿ ಟೇಬಲ್ ಖಾನೆದಾಗ ಏನೋ ಹುಡುಕಲಿಕ್ಕೆ ಶುರು ಮಾಡಿದ.

"ಇದ ನೀಲಿ ರೀ," ಅಂದೆ.

ಅವರು ಸೆರಗ ಬಿಡಲಿಲ್ಲ. ಹಂಗ ಹಿಡಕೊಂಡು ಹೊರಗ ಬಿಸಲಿಗೆ ನಡದ್ರು, ಹಗ್ಗ ಹಿಡದ ಕರದಂಗ ನಾನೂ ಹಿಂದ ಹೋದೆ. ರಸ್ತಾದಾಗ ಮಂದಿ ನಗ್ಲಿಕತ್ತಿದ್ರು, ನನಗ ನಾಚಿಕಿ ಆಗಲಿಲ್ಲ. ಬಿಸಲಾಗ ಸೆರಗ ಹಿಡದು ಒಂದು ಕಣ್ಣು ಮುಚ್ಚಿ ನೋಡಿದ್ರು, ಇನ್ನೊಂದು ಮುಚ್ಚಿ ನೋಡಿದ್ರು. ಆಮ್ಯಾಲ ಸೆರಗ ಮಡಚಿ ನನ್ನ ಹೆಗಲ ಮ್ಯಾಲ ಹಾಕಿ, ಅಂಗಡಿ ಪಾವಟಗಿ ಮ್ಯಾಲ ಕುಂತುಬಿಟ್ರು.

ಮರುದಿನ ಅದ ಕಣ್ಣಿನ ದವಾಖಾನಿಗೆ ಹೋದ್ವಿ. ಕಣ್ಣಿಗೆ ಔಷಧ ಬಿಟ್ಟು ಭಾಳ ಹೊತ್ತು ನೋಡಿದ್ರು. ಡಾಕ್ಟರ್ ವಯಸ್ಸಿನ್ಯಾಗ ಸಣ್ಣಾಕಿ, ನನ್ನ ಹತ್ರ ಅಕ್ಷರ ಕಲ್ತ ಹುಡುಗ್ಯಾರಷ್ಟು. ಶುಗರ್ ಕಣ್ಣಿನ ಹಿಂದಿನ ಪರದಿ ತಿಂದದ ಅಂದ್ಲು. ಹೋದದ್ದು ಬರಂಗಿಲ್ಲ, ಇದ್ದದ್ದು ಉಳಸಲಿಕ್ಕೆ ನೋಡೋಣು, ಸೂಜಿ ಮಾಡಬೇಕು, ಲೇಸರ್ ಮಾಡಬೇಕು. ಬಣ್ಣ ಅದಲು ಬದಲು ಕಾಣ್ಲಿಕತ್ತಾಗ ಬಂದಿದ್ರ ಭಾಳ ಉಳೀತಿತ್ತು ಅಂತನೂ ಅಂದ್ಲು. ಆಕಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಆ ಮಾತು ಸಾಲ್ಯಾಗ ಎಷ್ಟು ಹುಡುಗರ ಕೈಲೆ ಬರಸೀನಿ, ಅದರ ಉರಿ ಗೊತ್ತಾದದ್ದು ಅವತ್ತ.

ಕಂಪ್ಯೂಟರ್ ಬ್ಯಾಡ ಬಿಡು ಅಂದ್ರು ಇವರು. ನಾ ಕೇಳಲಿಲ್ಲ. ಒಬ್ಬಾಕಿನ ಸೇಡಂಗೆ ಹೋಗಿ, ಚಾ ಆರೋದ್ರೊಳಗ ಆರಿಸಿದೆ. ಅಂಗಡಿಯವ ಮೊದಲನೇ ದಿನ ತೋರಿಸಿದ್ದ, ಇವರು ಮೊದಲನೇ ದಿನ ಬ್ಯಾಡಂದಿದ್ದ ಮಾನಿಟರ್ ಅದು. ಬಣ್ಣ ಕನ್ನಡಿಯಂಗ ಅದಾವ. ಅವತ್ತ ತಂದಿದ್ರ ಅವರು ಒಂದಿಷ್ಟು ಫೋಟೋ ತಮ್ಮ ಕೈಲೆ ತಿದ್ದತಿದ್ರು. ತಿದ್ದಿದ್ದರ ಬಣ್ಣ ಕೆಟ್ಟು ಬಂದಿದ್ರ ಯಾರರೆ ನೋಡಿ ಕೇಳತಿದ್ರು, ದವಾಖಾನಿಗೆ ಲಗೂನ ಹೋಗ್ತಿದ್ವಿ. ಹಿಂಗ ಕುಂತು ಲೆಕ್ಕ ಹಾಕ್ತೀನಿ, ಏನ್ ಬಂತು.

ಈಗ ನಾ ತಿದ್ದತೀನಿ, ಅವರು ಬಾಜೂಕ ಕುರ್ಚಿ ಹಾಕ್ಕೊಂಡು ಕುಂದ್ರತಾರ. ಶುರುವಿಗೆ ಭಾಳ ಬೈತಿದ್ರು. ನೆರಳು ಅಷ್ಟು ಎತ್ತಬ್ಯಾಡ, ಮುಖ ಸುಣ್ಣ ಬಳದಂಗ ಆತು, ಮುಗಿಲಿಗೆ ಜರಾ ಭಾರ ಕೊಡು. ಆ ಬೈಗಳು ಬಿದ್ರ ನನಗ ಜೀವ ಬರ್ತಿತ್ತು, ಇನ್ನಾ ಕಾಣ್ತದ ಅಂತ. ಸೂಜಿ ಆದ್ವು, ಲೇಸರ್ ಆತು. ಆದ್ರೂ ಬರಬರತ ಬೈಯೋದು ಕಮ್ಮಿ ಆತು. ಈಗ ಏನು ತೋರಿಸಿದ್ರೂ ಚಲೋ ಅದ ಅಂತಾರ. ಇಡೀ ಜಿಲ್ಲಾದ ಮಾನಿಟರಿನ್ಯಾಗ ಕೊಂಕು ತಗದ ಮನಶ್ಯಾ.

ಹೋದ ವಾರ ನಮ್ಮ ಅತ್ತಿ ಫೋಟೋ ತಿದ್ದಲಿಕ್ಕೆ ಕುಂತಿದ್ದೆ. ಕುರಕುಂಟಾದ ಮನಿ ಕಟ್ಟಿ ಮ್ಯಾಲ ಕುಂತದ್ದು, ಆಕಿ ಹೋಗೋದ್ಕಿಂತ ಮೊದಲು ಇವರ ತಗದದ್ದು. ತಿದ್ದಿ, ದೊಡ್ಡದು ಮಾಡಿಸಿ, ಗ್ವಾಡಿಗೆ ಹಾಕಬೇಕು ಅಂತ ಭಾಳ ದಿನದಿಂದ ಅನ್ನೋರು. ದೊಡ್ಡ ಫೈಲ್, ತೆರೀಲಿಕ್ಕೆ ಜರಾ ಹೊತ್ತು ಹಿಡೀತದ. ಪರದಿ ಮ್ಯಾಲ ಇನ್ನಾ ಬರೇ ಬೂದಿ ಬಣ್ಣ ಇತ್ತು. ಅತ್ತೀದು ತೆರದೀನಿ ನೋಡ್ರಿ ಅಂದೆ, ರೂಢಿ ಪ್ರಕಾರ.

ಅವರು ಮುಂದ ಬಗ್ಗಿದ್ರು. ಪರದಿಗೆ ಮುಖ ಹಚ್ಚಿ, ಭಾಳ ಹೊತ್ತು ನೋಡಿದ್ರು.

"ಚಲೋ ಬಂದದ," ಅಂದ್ರು. "ಅವ್ವ ಬರೋಬ್ಬರಿ ಕಾಣ್ಲಿಕತ್ತಾಳ. ಏನೂ ಮುಟ್ಟಬ್ಯಾಡ, ಹಂಗ ಇಡು."

ಆಮ್ಯಾಲ ಫೋಟೋ ಬಂತು. ಅತ್ತಿ ಮುಖದ ಅರ್ಧ ಕತ್ತಲಾಗಿತ್ತು, ತಿದ್ದೋದು ಭಾಳ ಇತ್ತು. ನಾ ಹೂಂ ರೀ ಅಂದು, ಹಂಗ ಇಟ್ಟೆ.