ಒಗ್ಗರಣೆ ಸೌಟಿನಲ್ಲಿ ಸೀಸ

ನಮ್ಮ ಯಜಮಾನರಿಗೆ ಮೀನು ಹಿಡಿಯುವ ಹುಚ್ಚು. ಎರೆಹುಳ ಚುಚ್ಚಿ ಕೂರುವವರಲ್ಲ. ಕೋಳಿ ಅಂಗಡಿಯಿಂದ ಹುಂಜದ ಗರಿ ತಂದು, ಕೊಕ್ಕೆಗೆ ದಾರದಿಂದ ಬಿಗಿದು, ಹುಳದ ಹಾಗೆ ಕಾಣುವ ಗಾಳ ಕಟ್ಟುತ್ತಾರೆ. ಸಂಡೂರಿನ ಗಣಿಯಲ್ಲಿ ಜೊತೆಗಿದ್ದ ಯಾರೋ ಕಲಿಸಿದ್ದಂತೆ. ಗರಿ ಹಗುರ, ಕಮಲಾಪುರದ ಕಾಲುವೆಯ ಸೆಳವಿಗೆ ಗಾಳ ಮೇಲೇ ತೇಲಿಹೋಗುತ್ತದೆ. ಮುಳುಗಲಿ ಎಂದು ಗರಿಯ ಕೆಳಗೆ ಸೀಸದ ಎಳೆ ಸುತ್ತುತ್ತಿದ್ದರು.

ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಗರಿಯ ಬುಡದಲ್ಲಿ ಒಣಗಿದ ರಕ್ತ ಹಾಗೇ ಇರುತ್ತಿತ್ತು. ದಾರದ ತುದಿಗೆ ಎಂಜಲು ಹಚ್ಚಿ ಹೊಸೆಯುವರು. ಸೀಸದ ಎಳೆ ಹೆಚ್ಚಾದರೆ ಹಲ್ಲಲ್ಲೇ ಕಡಿದು ಥೂ ಎಂದು ಉಗುಳುವರು. ತುಟಿಯ ಮೂಲೆಯಲ್ಲಿ ಬೂದಿ ಬಣ್ಣದ ಗೆರೆ. ಅದೇ ಕೈಯಲ್ಲಿ ರೊಟ್ಟಿ ಮುರಿಯುವರು.

ಹೇಗೋ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಬಸುರಿ ಮಗಳು ಹೆರಿಗೆಗೆಂದು ಮನೆಗೆ ಬಂದಳು. ಸೀಸ ಹೊಟ್ಟೆಗೆ ಹೋದರೆ ಕೂಸಿಗೆ ಕೆಟ್ಟದ್ದೆಂದು ನರ್ಸಮ್ಮ ಹೇಳಿದ್ದಳು. ಗಾಳದ ಡಬ್ಬಿ ಹಿತ್ತಲು ದಾಟಿ ಒಳಗೆ ಬರಕೂಡದೆಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಒಂದು ಬೆಳಗ್ಗೆ ಸಾರಿಗೆ ಒಗ್ಗರಣೆ ಸುರಿದು ಸೌಟು ಕೆಳಗಿಡುವಾಗ ನೋಡಿದೆ. ತಳದಲ್ಲಿ ಹಾಲಿನ ಕೆನೆಯಂಥ ಬೂದು ಪೊರೆ, ಅದಕ್ಕೆ ಸಾಸಿವೆ ಅಂಟಿಕೊಂಡಿತ್ತು. ಮಗಳು ಆಗಲೇ ತಟ್ಟೆಯ ಮುಂದೆ ಕೂತಿದ್ದಳು.

"ರೀ, ಈ ಸೌಟಿನ್ಯಾಗ ಏನ್ ಕಾಸಿದ್ರಿ?"

"ಟೈರ್ ಅಂಗಡ್ಯಾಗ ಸೀಸದ ತುಂಡು ಸಿಕ್ಕಿದ್ವು. ಕರಗಿಸಿ ಎಳಿ ಮಾಡ್ಕೊಂಡೆ. ತೊಳದಿಟ್ಟೀನಲ್ಲ."

"ಇದು ತೊಳದಿದ್ದೇನ್ರಿ? ಕಣ್ಣು ಕಾಣ್ಸಂಗಿಲ್ಲೇನು?"

"ಒಂದ್ ಸಲಕ್ಕ ಏನಾಗತೈತಿ ಬಿಡಲೇ."

ಮಗಳು ತಟ್ಟೆಯನ್ನು ದೂರ ತಳ್ಳಿದಳು. "ಅಪ್ಪಾ, ಮುಳುಗಬೇಕಾಗಿದ್ದು ಗಾಳ. ನನ್ನ ಯಾಕ ಮುಳುಗಸ್ತಿ?"

ಪಾತ್ರೆ ತುಂಬ ಸಾರು. ಎಮ್ಮೆಯ ಕಲಗಚ್ಚಿಗೂ ಹಾಕಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಸುರಿದೆ. ಸೌಟು ಕಬ್ಬಿಣದ್ದು, ಅತ್ತೆಯ ಕಾಲದ್ದು. ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಒಗ್ಗರಣೆ ಹಾಕಿಯಾರು. ಉಳಿ, ಸುತ್ತಿಗೆ ಅವರ ಕೈಗೇ ಕೊಟ್ಟೆ.

"ತೂತ್ ಹೊಡೀರಿ."

"ನಮ್ಮವ್ವನ ಸೌಟಲೇ ಇದು."

"ಸೀಸ ಕಾಸುವಾಗ ಅವ್ವ ನೆನಪಾಗ್ಲಿಲ್ಲೇನು?"

ಹೊಡೆದರು.

ಈಗ ಹೊಸಪೇಟೆಯ ಬಳೆ ಅಂಗಡಿಯಿಂದ ಸಣ್ಣ ಹಿತ್ತಾಳೆ ಮಣಿ ತರುತ್ತಾರೆ. ಕೊಕ್ಕೆಗೆ ಮಣಿ ಪೋಣಿಸಿ, ಅದರ ಹಿಂದೆ ಗರಿ ಕಟ್ಟುತ್ತಾರೆ. ಗಾಳ ಚೆನ್ನಾಗಿಯೇ ಮುಳುಗುತ್ತದೆ. ಮೊನ್ನೆ ಎರಡು ಮೀನು ಸಿಕ್ಕವು. ಮಗಳು ಬೆರಳು ಚೀಪಿಕೊಂಡು ತಿಂದಳು. ನನಗೆ ತುತ್ತು ಇಳಿಯಲಿಲ್ಲ. ಮೀನು ಕೊಯ್ಯುವಾಗ ಒಂದರ ಬಾಯಲ್ಲಿ ಒದ್ದೆ ಗರಿ ಸಿಕ್ಕಿತ್ತು, ಎಂಜಲಲ್ಲಿ ಹೊಸೆದ ಆ ದಾರದ ಸಮೇತ.

ತೂತಿನ ಸೌಟು ಹಿತ್ತಲ ಗೂಟಕ್ಕೆ ನೇತಾಡುತ್ತಿದೆ. ಹೊಸದನ್ನು ಅಡುಗೆಮನೆಯಲ್ಲಿ ಇಡುವುದಿಲ್ಲ. ಒಗ್ಗರಣೆಯಾದ ಮೇಲೆ ತೊಳೆದು ಒರೆಸಿ ನನ್ನ ಸೀರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತೇನೆ. ಸೀರೆಗೆಲ್ಲ ಇಂಗಿನ ವಾಸನೆ. ಇರಲಿ.